ಫ್ಲೂಗೆ ಈ ಸಂತರು ಯಾಕೆ?

ಮ್ಯಾಕ್ಸಿಮ್,

ಈ ಮನೆಯ ಭವಿಷ್ಯವನ್ನೇ ನಿರ್ಧರಿಸುವ ವಿಷಯವೊಂದಿದೆ, ಕೂತು ಓದಿ. ಫ್ರೀಜರ್‌ನಲ್ಲಿರುವ ಬೂತಾಯಿ ಮೀನನ್ನು ಬಂದ ಕೂಡಲೇ ಹೊರಗಿಡಬೇಕು. ಮಸಾಲೆ ಅರೆದಿಟ್ಟಿದ್ದೇನೆ, ಮತ್ತೆ ಹುಳಿ ಹಾಕಬೇಡಿ.

ಇನ್ನು ಸಣ್ಣ ವಿಷಯ. ನನಗೆ ಬಂದದ್ದು ಬರೀ ಫ್ಲೂ ಎಂದು ನೀವೇ ಎಲ್ಲರಿಗೂ ಹೇಳಿದಿರಿ. ಹಾಗಾದರೆ ಸಂಜೆಯ ತೇರ್ಸ್, ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ದಿನವೂ ಸಂತ ಪೆರೆಗ್ರಿನರಿಗೆ ಒಂದು ಜಪ ಹೆಚ್ಚು ಹೇಳುವುದೇಕೆ? ಅವರು ಕ್ಯಾನ್ಸರಿನವರ ಸಂತರು. ನನ್ನ ಎದೆಯ ಗಡ್ಡೆಯ ಆಪರೇಷನ್ ಆದ ವರ್ಷ ಬಿಟ್ಟರೆ ನಮ್ಮ ಮನೆಗೆ ಬಂದವರಲ್ಲ. ಕೇಳಿದರೆ, "ಪಾಪ, ಯಾರಿಗೋ ಒಬ್ಬರಿಗೆ" ಅಂದಿರಿ. ಈಗ ಪಾಯಿಂಟ್ ಕುಕ್‌ನಿಂದ ಕ್ಯಾರಲಕ್ಕ ಫೋನ್ ಮಾಡಿ, "ತೂಕ ಇಳಿದಿಲ್ಲ ಅಲ್ವಾ ಯೂಜಿ?" ಎನ್ನುತ್ತಾಳೆ. ಮೊನ್ನೆಮೊನ್ನೆಯವರೆಗೂ ನನ್ನನ್ನು ಡ್ರಮ್ ಎಂದು ಕರೆಯುತ್ತಿದ್ದವಳು! ಇದರ ಹಿಂದೆ ನೀವಿದ್ದೀರಿ.

ಫ್ಲೂ ಬಂದರೆ ಮಲಗಿದ್ದ ಕ್ಯಾನ್ಸರ್ ಏಳುತ್ತದೆಯೇ ಎಂದು ನೀವು ಕದ್ದು ಓದಿದ್ದನ್ನು ನಾನೂ ಕದ್ದು ಓದಿದ್ದೇನೆ. ಡಾಕ್ಟರನ್ನೂ ಕೇಳಿದೆ. ಇಲಿಗಳಲ್ಲಿ ಹಾಗಾದದ್ದು ಕಂಡಿದೆಯಂತೆ, ಮನುಷ್ಯರಲ್ಲಿ ಇನ್ನೂ ಖಚಿತವಿಲ್ಲವಂತೆ, ಕೆಮ್ಮು ನಿಲ್ಲದಿದ್ದರೆ ನೋಡಿಬಿಡುವುದು ಒಳ್ಳೆಯದಂತೆ. ನಾನು ಇಲಿಯಲ್ಲ. ಆದರೆ ಕೆಮ್ಮು ನಿಂತಿಲ್ಲ.

ಕ್ಯಾರಲಕ್ಕನಿಗೆ ಹೇಳಬೇಡಿ. ಜಪ ನಿಲ್ಲಿಸಬೇಡಿ. ಇನ್ನು ಮೇಲೆ ನನ್ನ ಹೆಸರು ಹೇಳಿಯೇ ಮಾಡಿ, "ಯಾರಿಗೋ ಒಬ್ಬರಿಗೆ" ಅಂದರೆ ಸಂತರು ಎಲ್ಲಿ ಅಂತ ಹುಡುಕಬೇಕು?

ನೀವು ಚರ್ಚಿನಿಂದ ಬರುವ ಹೊತ್ತಿಗೆ ನಾನು ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿಕೊಳ್ಳುತ್ತಿರುತ್ತೇನೆ.

ಯುಜಿನಿಯಾ