ಎರಡನೇ ಒಲೆ

ಕೊಂಡ್ಲಹಳ್ಳಿ ಹತ್ತಿರ,
ಮೊಳಕಾಲ್ಮುರು ತಾಲ್ಲೂಕು
9 ನವೆಂಬರ್ 2025, ಭಾನುವಾರ

ಪ್ರೀತಿಯ ದುರುಗಕ್ಕ,

ನಿನ್ನ ವನಜಾಕ್ಷಿ ಇನ್ನೂ ಬದುಕಿದ್ದಾಳೆ, ಗಾಬರಿಯಾಗಬೇಡ. ನೀನು ಯುಗಾದಿಗೆ ಬರೆದ ಕಾಗದಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡು. ಫೋನ್ ಮಾಡೋಣವೆಂದರೆ ನಿನ್ನ ಕಿವಿಯ ಕಥೆ ಗೊತ್ತೇ ಇದೆಯಲ್ಲ. ಹೋದ ಸಲ ನಾನು ಕಿರುಚಿದ್ದು ನಮ್ಮ ಬೀದಿಗೆಲ್ಲ ಕೇಳಿತು, ಪರಶುರಾಂಪುರದಲ್ಲಿ ಫೋನ್ ಹಿಡಿದಿದ್ದ ನಿನಗೊಬ್ಬಳಿಗೆ ಕೇಳಲಿಲ್ಲ. ಅಂಗನವಾಡಿಯಲ್ಲಿ ನೀನು ಟೀಚರು, ನಾನು ಸಹಾಯಕಿಯಾಗಿದ್ದಾಗ ರಿಜಿಸ್ಟರು ಬರೆಸಿ ಬರೆಸಿ ನನ್ನ ಅಕ್ಷರ ತಿದ್ದಿದವಳು ನೀನೇ. ಈಗ ಅನುಭವಿಸು, ಈ ಕಾಗದ ಉದ್ದವಿದೆ.

ಹೋದ ವರ್ಷದ ಚಿತ್ತೆ ಮಳೆಗೆ ನಮ್ಮ ಮಾಳಿಗೆಯ ಒಂದು ಮೂಲೆ ಕುಸಿಯಿತು ಎಂದು ಬರೆದಿದ್ದೆ. ನಾನೂ ಸೂರಮ್ಮನೂ ಆಚೆ ಪಡಸಾಲೆಯಲ್ಲಿದ್ದೆವು, ಅದಕ್ಕೇ ಉಳಿದೆವು. ಸೂರಮ್ಮನನ್ನು ನೀನು ಬಲ್ಲೆ. ವಾವೆಯಲ್ಲಿ ನನ್ನ ಮೈದುನನ ಹೆಂಡತಿ, ಆದರೆ ನಾನು ತಂಗಿ ಎಂದೇ ನಡೆಸಿಕೊಂಡು ಬಂದವಳು. ಗಂಡಂದಿರು ಹೋದರು, ಮಕ್ಕಳ ಭಾಗ್ಯ ಇಬ್ಬರಿಗೂ ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಒಂದೇ ಒಲೆಯ ಮೇಲೆ ಬೇಯಿಸಿ ಉಂಡಿದ್ದೇವೆ.

ಒಂಟಿ ವೃದ್ಧೆಯರಿಗೆ ಮನೆ ಕಟ್ಟಿಕೊಳ್ಳಲು ಸಹಾಯಧನವಿದೆ, ಜೊತೆಗೆ ತಿಂಗಳಿಗಿಷ್ಟು ಅಂತ ಖರ್ಚಿಗೂ ಕೊಡುತ್ತಾರೆ ಎಂದು ಯಾರೋ ಹೇಳಿದರು. ಅರ್ಜಿ ಹಿಡಿದು ಕಚೇರಿಗೆ ಹೋದೆವು. ಬಸ್ಸಿಳಿದು ನಡೆಯುವಷ್ಟರಲ್ಲಿ ಮಂಡಿ ಎರಡೂ ಹಿಡಿದುಕೊಂಡಿದ್ದವು. ಅಲ್ಲಿದ್ದ ಗುಮಾಸ್ತ ನಮ್ಮ ರೇಷನ್ ಕಾರ್ಡು ನೋಡಿ ಏನೆಂದ ಗೊತ್ತೇ? "ಒಂದೇ ಕಾರ್ಡ್ನಾಗೆ ಇಬ್ರು ಅದೀರಲ್ಲಮ್ಮ. ಒಬ್ರಿಗೊಬ್ರು ಆಸರೆ ಆಯ್ತಲ್ಲ. ಆಸರೆ ಇರೋರಿಗೆ ಇದು ಬರಲ್ಲ."

ನನಗೆ ಮೈಯೆಲ್ಲ ಉರಿಯಿತು. ಎಪ್ಪತ್ತೊಂದರ ನನಗೆ ಅರವತ್ತಾರರ ಇವಳು ಆಸರೆಯಂತೆ! ಇಬ್ಬರೂ ಸೇರಿದರೆ ಒಂದು ಕೊಡ ನೀರು ಎತ್ತುತ್ತೇವೆ, ಅದೂ ನಡುವೆ ಎರಡು ಸಲ ಇಳಿಸಿ. "ಹಂಗಾರೆ ಒಬ್ಬಳು ಸತ್ತ ಮ್ಯಾಲೆ ಬರ್ಲೇನ್ರಿ?" ಎಂದು ಕೇಳಿದೆ. ಆತ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಮುಂದಿನವರನ್ನು ಕರೆದ.

ದಾರಿ ತೋರಿಸಿದ್ದು ಆನ್‌ಲೈನ್ ಅಂಗಡಿಯ ಮಲ್ಲಿಕ್. "ಫಿಕರ್ ಮಾಡ್ಬ್ಯಾಡಮ್ಮ. ಕಾರ್ಡ್ ಬ್ಯಾರೆ ಮಾಡಿಸ್ರಿ. ಮನೆ ನೋಡಾಕೆ ಸಾಹೇಬ್ರು ಬರ್ತಾರೆ, ಎರಡು ಒಲೆ ಕಾಣ್ಬೇಕು. ಅಷ್ಟೇ, ಇಬ್ರಿಗೂ ಆಗ್ತೈತೆ," ಎಂದ. ಪಾಪ, ಒಳ್ಳೆಯ ಹುಡುಗ. ಆದರೆ ಆ ಕಾರ್ಡು ಬೇರೆಯಾಗಲು ಏಳು ಸಲ ಅಲೆದೆವು ದುರುಗಕ್ಕ. ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಕರೆಂಟಿಲ್ಲ. ಎರಡೂ ಇದ್ದ ದಿನ ಸೂರಮ್ಮನ ಬೆರಳಿನ ಗುರುತು ಬೀಳಲಿಲ್ಲ. ಶೇಂಗಾ ಬಿಡಿಸಿ ಬಿಡಿಸಿ ಸವೆದ ಬೆರಳು, ಎಲ್ಲಿಂದ ಬೀಳಬೇಕು? ಆ ಯಂತ್ರದ ಮೇಲೆ ನಾನೇ ಅವಳ ಬೆರಳನ್ನು ಒತ್ತಿ ಹಿಡಿದಿದ್ದೆ. ಬೇರೆಯಾಗಲು ನಾನೇ ಕೈ ಹಿಡಿದು ಒತ್ತಿದೆ ನೋಡು.

ಆಮೇಲೆ ಒಲೆ. ಪಕ್ಕದ ಮನೆಯ ಪಾತಣ್ಣ ಇಟ್ಟಿಗೆ ತಂದು ಪಡಸಾಲೆಯ ನಡುವೆ ಎದೆಮಟ್ಟದ ಗೋಡೆ ಎಬ್ಬಿಸಿದ. ಆಚೆ ಬದಿ ಸೂರಮ್ಮ ಮಣ್ಣು ಕಲಸಿ ಒಲೆ ಹಾಕಿದಳು. ಇದೆಲ್ಲ ಎರಡು ದಿನದ ನಾಟಕ ಎಂದು ನಾವು ನಕ್ಕೆವು. ಸಾಹೇಬರು ಸೋಮವಾರ ಬರುತ್ತಾರೆ ಎಂದರು, ಬರಲಿಲ್ಲ. ಗೌರಿಹಬ್ಬದ ಹಿಂದಿನ ದಿನ ಎಂದರು, ಆಗಲೂ ಇಲ್ಲ. ಯಾವ ಹೊತ್ತಿಗೆ ಬರುತ್ತಾರೋ, ಒಲೆ ತಣ್ಣಗಿದ್ದರೆ ಅನುಮಾನ ಬರುತ್ತದೆ, ದಿನಾ ಹೊತ್ತಿಸಿರಿ ಎಂದು ಮಲ್ಲಿಕ್ ಹೇಳಿದ್ದ. ಹೀಗೆ ಏಳು ತಿಂಗಳು ನಾವಿಬ್ಬರೂ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಅಡುಗೆ ಮಾಡಿದೆವು. ಒಬ್ಬರಿಗೆ ಮುದ್ದೆ ತಿರುವುವುದು ಎಂಥ ಕಷ್ಟ ಅಂತ ನಿನಗೆ ಗೊತ್ತಿಲ್ಲ. ಅಳತೆಯೇ ಕೈಗೆ ಸಿಗುವುದಿಲ್ಲ. ಒಂದು ದಿನ ಗಂಟು, ಒಂದು ದಿನ ಅಂಬಲಿ.

ಅವಳಿಗೆ ಮಾತ್ರ ಚೆನ್ನಾಗಿ ಒಗ್ಗಿತು. ನನ್ನ ಬಿಪಿ ನೋಡಿ ಚಳ್ಳಕೆರೆಯ ಡಾಕ್ಟರು ಉಪ್ಪು ಖಾರ ಬಿಡು ಎಂದು ಹನ್ನೊಂದು ವರ್ಷವಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಸಪ್ಪೆ ಸಾರೇ. ಈಗ ಗೋಡೆಯಾಚೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಾಟು, ಹಸಿಮೆಣಸಿನಕಾಯಿ ಅರೆಯುವ ಸದ್ದು. "ಏನೇ ಸೂರಿ, ಊರನ್ನೇ ಕೆಮ್ಮುಸ್ತೀಯಾ?" ಎಂದು ರೇಗಿಸಿದೆ. "ಸುಮ್ನೆ ಹಂಗೇ ಅಕ್ಕಾ, ಸಾಹೇಬ್ರಿಗೆ ಬ್ಯಾರೆ ಅಡಿಗೆ ಅಂತ ಗೊತ್ತಾಗ್ಲಿ," ಎಂದಳು. ಎಷ್ಟು ಜಾಣೆಯಾದಳು ಎಂದು ನಾನು ಹೆಮ್ಮೆಪಟ್ಟೆ.

ಕೊನೆಗೂ ಸಾಹೇಬರು ಹೋದ ತಿಂಗಳು ಬಂದರು. ಅರ್ಧ ಗಂಟೆಯೂ ಇರಲಿಲ್ಲ. ಒಲೆಗಳ ಫೋಟೋ ಹೊಡೆದರು, ನಮ್ಮಿಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಫೋಟೋ ಹೊಡೆದರು, ಒಂದೆರಡು ಮಾತು ಕೇಳಿ ಹೋದರು. ಹೋದ ವಾರ ಇಬ್ಬರಿಗೂ ಮಂಜೂರಾಗಿದೆ ಎಂದು ಮೆಸೇಜು ಬಂತು. ಎರಡು ಮನೆ! ಒಂದಕ್ಕೊಂದು ಅಂಟಿಸಿ ಕಟ್ಟಿ ನಡುವೆ ಬಾಗಿಲು ಇಟ್ಟರಾಯಿತು ಎಂದು ನಾನು ಲೆಕ್ಕ ಹಾಕಿದ್ದೆ. ಅಂದೇ ಸಂಜೆ ಹಾರೆ ತೆಗೆದುಕೊಂಡು ಆ ಸುಳ್ಳು ಒಲೆಯನ್ನು ಒಡೆದು ಹಾಕಿದೆ. ನಾಟಕ ಮುಗಿಯಿತು ನಡಿ, ಇವತ್ತು ಒಟ್ಟಿಗೆ ಉಣ್ಣೋಣ ಎಂದೆ.

ಬೆಳಗ್ಗೆ ಎದ್ದು ನೋಡಿದರೆ ಸೂರಮ್ಮ ಮಣ್ಣು ಕಲಸಿ ಅದೇ ಜಾಗದಲ್ಲಿ ಒಲೆ ಹಾಕುತ್ತಿದ್ದಾಳೆ!

"ಇದೇನೇ?" ಎಂದೆ.

"ಒಲೆ ಇರ್ಲಿ ಬಿಡಕ್ಕಾ. ಸಾಹೇಬ್ರು ತಿರುಗಾ ಬಂದ್ರೆ?"

"ಬರಲ್ಲ ಕಣೇ. ಆಗೋಗೈತೆ."

"ಆದ್ರೂ ಇರ್ಲಿ."

ಅಷ್ಟೇ ಮಾತು. ಕೈ ತೊಳೆದುಕೊಂಡು ಒಳಗೆ ಹೋದಳು. ಹೊಸ ಮನೆಗೆ ನಡುಬಾಗಿಲೂ ಬೇಡವಂತೆ, ಪಾತಣ್ಣನ ಹತ್ತಿರ ಹೇಳಿದ್ದಾಳೆ. ನನಗೆ ಹೇಳಿಲ್ಲ. ಎಂಟು ದಿನದಿಂದ ಸಿಟ್ಟಿನಲ್ಲಿ ನನಗೆ ನಿದ್ದೆಯಿಲ್ಲ. ಈ ಸರ್ಕಾರದವರು ಕೊಟ್ಟಿದ್ದಕ್ಕೆ ಖುಷಿಪಡಬೇಕೋ, ಕಾಗದಕ್ಕೋಸ್ಕರ ಒಂದು ಮನೆ ಎರಡು ಮಾಡಿಸಿದ್ದಕ್ಕೆ ಶಾಪ ಹಾಕಬೇಕೋ ತಿಳಿಯುತ್ತಿಲ್ಲ. ಆ ಅಧಿಕಾರಿಗಳನ್ನು ನೋಡಿ ನೋಡಿ ಅವಳಿಗೆ ಹೆದರಿಕೆ ಹತ್ತಿದೆ, ಬೇರೇನಲ್ಲ. ನೀನು ಮುಂದಿನ ಭಾನುವಾರ ಬಾ. ನಿನ್ನ ಮಾತನ್ನು ಅವಳು ತೆಗೆದುಹಾಕುವುದಿಲ್ಲ. "ನಡುಬಾಗಿಲು ಇಡಿಸು, ಅಕ್ಕನ ಜೊತೆ ಉಣ್ಣು" ಎಂದು ಎರಡು ಮಾತು ಗದರಿಸಿ ಹೋಗು.

ನಿನ್ನ ಮೊಮ್ಮಗಳು ಶೃತಿಗೆ ನನ್ನ ಆಶೀರ್ವಾದ, ಓದು ಚೆನ್ನಾಗಿ ಹತ್ತಲಿ. ನಿನ್ನ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿರಲಿ. ಕಿವಿಗೆ ಆ ಯಂತ್ರ ಹಾಕಿಸಿಕೋ, ಮೊಂಡುತನ ಬಿಡು.

ನಿನ್ನ
ವನಜಾಕ್ಷಿ

ತಾ.ಕ.: ಕಾಗದ ಮಡಚಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದು ಬರೆಯುತ್ತಿದ್ದೇನೆ. ನಿನ್ನ ಹತ್ತಿರ ಸುಳ್ಳು ಹೇಳಿ ಅಭ್ಯಾಸವಿಲ್ಲ. ಭಾನುವಾರ ಬಾ, ಆದರೆ ಅವಳಿಗೆ ಏನೂ ಹೇಳಬೇಡ. ಅವಳ ಒಲೆಯ ಮುಂದೆ ಕೂತು ಉಂಡು ಹೋಗು.

ಒಲೆ ಒಡೆದ ದಿನ ಅವಳ ಹಾಸಿಗೆ ಸರಿಸಿದಾಗ ಒಂದು ಹಳೇ ಡಬ್ಬಿ ಸಿಕ್ಕಿತು. ಅಂಗನವಾಡಿಯಲ್ಲಿ ನೀನು ಬಳಪ ಇಡುತ್ತಿದ್ದೆಯಲ್ಲ, ನಾನು ಮನೆಗೆ ತಂದದ್ದು, ಅದೇ ಡಬ್ಬಿ. ಒಳಗೆ ಉಪ್ಪು, ಖಾರದಪುಡಿ. ಮುಚ್ಚಳದ ಅಂಚೆಲ್ಲ ತುಕ್ಕು ಹಿಡಿದಿತ್ತು. ಹನ್ನೊಂದು ವರ್ಷ ಅವಳು ನನಗೆ ಬೆನ್ನು ಮಾಡಿ ಕೂತು ಉಣ್ಣುತ್ತಿದ್ದಳು. ದೊಡ್ಡವಳ ಮುಂದೆ ನಾಚಿಕೆ ಇರಬೇಕು ಎಂದುಕೊಂಡಿದ್ದೆ. ಸಾರು ಹೇಗಿದೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಸಾಹೇಬರು ಬರುವ ಮುಂಚೆ ಏನೇನು ಹೇಳಬೇಕೆಂದು ಅವಳಿಗೆ ಬಾಯಿಪಾಠ ಮಾಡಿಸಿದ್ದೆ. "ನೀವು ಬೇರೆ ಇದ್ದೀರಾ?" ಎಂದು ಅವರು ಕೇಳಿದಾಗ ಅವಳು ತಲೆ ಎತ್ತಿ ಹೇಳಿದಳು: "ಹೂಂ ಸ್ವಾಮಿ, ಬ್ಯಾರೆ ಅದೀನಿ. ಭಾಳ ದಿನದಿಂದ."

ಬೇರೆ ಇದ್ದೇನೆ ಎನ್ನುವುದನ್ನು ಕಲಿಸಿದ್ದು ನಾನೇ, ದುರುಗಕ್ಕ. ಭಾಳ ದಿನದಿಂದ ಎನ್ನುವುದನ್ನು ನಾನು ಕಲಿಸಿರಲಿಲ್ಲ.