ಹೆಸರಿಲ್ಲದ ಗೋಲು

ಏಪ್ರಿಲ್ 12, ಶನಿವಾರ

ಈ ಕಥೆ ಮೊದಲು ಹೇಳಿದವನು ಎಕ್, ನಮ್ಮ ಫುಟ್‌ಬಾಲ್ ಕ್ಲಬ್ಬಿನ ಜರ್ಸಿ ಒಗೆಯುವ ಮುದುಕ. ನಾನು ಆಟ ಬಿಟ್ಟ ವರ್ಷ, ಬೀಳ್ಕೊಡುಗೆಯ ದಿನ. ಈಗ ನಾನು ಮ್ಯಾನೇಜರ್, ಅವನದು ಅದೇ ಕಥೆ. ಇವತ್ತು ಮೈದಾನದಲ್ಲಿ ಈಸಾಳ ಮಾಂಸದ ಪೈ ಅಂಗಡಿ ಮುಂದೆ, ನನ್ನತ್ತ ಬೆರಳು ತೋರಿಸಿ, ಮತ್ತೆ ಶುರು.

"ನಮ್ಮ ಡಾಡ್ ರಿಂಟೂಲ್ ಹೊಡೆದದ್ದು ಅವನ ಹೆಸರಲ್ಲಿರೋ ಕ್ಲಬ್ ದಾಖಲೆಗಿಂತ ಒಂದು ಗೋಲು ಜಾಸ್ತಿ ಕಣ್ರಪ್ಪಾ. ಟ್ರಯಲ್‌ಗೆ, ಅಂದ್ರೆ ಆಡಿಸಿ ನೋಡೋಣ ಅಂತ ಕರೆಸಿದ ದಿನವೇ, ಹಿಮದಲ್ಲಿ, ತಲೇಲಿ ಗೋಲು ಹೊಡೆದ. ಇನ್ನೂ ಸೇರದೇ ಇರೋನ ಹೆಸರು ಹಾಕೋ ಪದ್ಧತಿ ಇಲ್ವಲ್ಲ. ಪೇಪರಲ್ಲಿ ಬಂದದ್ದು ಬರೀ 'ಟ್ರಯಲಿಸ್ಟ್' ಅಂತ."

"ಈಸಾ, ಟ್ರಯಲಿಸ್ಟ್‌ಗೊಂದು ಪೈ ಕೊಡಮ್ಮ," ಅಂದ ಯಾರೋ. ಎಲ್ಲರೂ ನಕ್ಕರು. ನಾನೂ ಹಲ್ಲು ತೋರಿಸಿದೆ.

ನಮ್ಮ ಸ್ಟ್ರೈಕರ್ ಸ್ಟ್ರೂವನ್ ಮೀಕಲ್ ಇವತ್ತು ಎರಡು ಗೋಲು ಹೊಡೆದ. ನನ್ನ ದಾಖಲೆ ಮುಟ್ಟಲು ಇನ್ನು ಒಂದೇ. ಅವನನ್ನು ಕರೆತಂದವನು ನಾನು. ಗಾಳಿಗೆ ಎದುರಾಗಿ ಜಿಗಿಯುವುದನ್ನು ಕಲಿಸಿದವನೂ ನಾನೇ...

ಏಪ್ರಿಲ್ 26, ಶನಿವಾರ

ಸೋಲು. ನಮ್ಮ ಒಂದೇ ಗೋಲು ಮೀಕಲ್‌ದು. ಈಗ ಸಮ. ನನ್ನ ಹೆಸರು ಹೊತ್ತ ಸ್ಟ್ಯಾಂಡಿನಲ್ಲಿ ಕೂತೇ ಜನ ಅವನ ಹೆಸರು ಹಾಡಿದರು.

ಮೀಕಲ್ ಓಡಿಬಂದು ಅಪ್ಪಿಕೊಂಡ. "ಮುಂದಿನ ಗೋಲು ನಿಮಗೇ ಬಾಸ್."

ನನಗೇನು ಭಿಕ್ಷೆಯೇ?

ಮೇ 3, ಶನಿವಾರ

ಕೊನೆಯ ಪಂದ್ಯ. ಗೆದ್ದರೆ ಉಳಿವು, ಇಲ್ಲವೆಂದರೆ ಸ್ಕಾಟಿಷ್ ಲೀಗಿನಿಂದಲೇ ಹೊರಗೆ. ಒಂದು-ಒಂದು, ನಮ್ಮ ಗೋಲು ಮೀಕಲ್‌ದಲ್ಲ. ಇನ್ನೇನು ಮುಗಿಯಬೇಕು — ನಮಗೆ ಪೆನಾಲ್ಟಿ.

ಮೀಕಲ್ ಚೆಂಡು ಎತ್ತಿಕೊಂಡ. ಗೆರೆಯಾಚೆಯಿಂದ ಕೂಗಿದೆ. "ಬಿಡು. ರಾನಲ್ಡ್ ಹೊಡೀಲಿ."

"ವರ್ಷವೆಲ್ಲ ನಾನೇ ಅಲ್ವಾ ಹೊಡೆದದ್ದು, ಬಾಸ್?"

"ಬಿಡು ಅಂದೆ."

ಕೊಟ್ಟ. ರಾನಲ್ಡ್ ನಮ್ಮ ಡಿಫೆಂಡರ್, ಹಿಂದೆಂದೂ ಪೆನಾಲ್ಟಿ ಹೊಡೆದವನಲ್ಲ. ಚೆಂಡು ನೇರ ಗೋಲ್‌ಕೀಪರನ ಮಡಿಲಿಗೆ. ಅಷ್ಟೇ. ಮುಗಿಯಿತು.

ಸಂಜೆ ಕ್ಲಬ್ಬಿನಲ್ಲಿ ನನ್ನ ಮೇಜಿಗೆ ಯಾರೂ ಬರಲಿಲ್ಲ. ಎಕ್ ಎದ್ದು ನಿಂತ — ನನ್ನನ್ನು ಉಳಿಸಲು, ಪಾಪ. "ಇವನಿಗೂ ಒಂದು ಹಳೇ ನೋವಿದೆ ಕಣ್ರಪ್ಪಾ..." ಮತ್ತೆ ಅದೇ ಹಿಮ, ಅದೇ ತಲೆ, ಅದೇ ಹೆಸರಿಲ್ಲದ ಗೋಲು. ಕೊನೆತನಕ ಕೇಳಿದರು. ಈ ಸಲ ಯಾರೂ ನಗಲಿಲ್ಲ.

ಈಸಾ ಗ್ಲಾಸು ಕೆಳಗಿಟ್ಟಳು. "ಅಂದ್ರೆ ಆ ಗೋಲೂ ಲೆಕ್ಕಕ್ಕೆ ಹಿಡಿದ್ರೆ, ಮೀಕಲ್ ಇವತ್ತು ಹೊಡೆದಿದ್ರೂ ನಿನಗೆ ಸಮ ಆಗ್ತಿದ್ದ, ಅಷ್ಟೇ. ನಿನಗದು ಗೊತ್ತಿತ್ತು ತಾನೇ ಡಾಡ್?"

ಗೊತ್ತಿತ್ತು. ಆದರೆ ನನಗೊಬ್ಬನಿಗೆ ಗೊತ್ತಿದ್ದರೆ ಏನು ಬಂತು? ಜನರ ಬಾಯಲ್ಲಿ ಬೇಕಿತ್ತು.

ಕೋಟು ಹಾಕಿಕೊಂಡು ಹೊರಟೆ.

ಮೇ 4, ಭಾನುವಾರ, ಬೆಳಿಗ್ಗೆ

ನನ್ನ ಸಾಮಾನು ತರಲು ಮೈದಾನಕ್ಕೆ ಹೋದೆ. ಸ್ಟ್ಯಾಂಡಿಗೆ ಏಣಿ ಒರಗಿಸಿದ್ದರು. ನಿನ್ನೆ ಕಥೆ ಕೇಳಿದವರೆಲ್ಲ ಅಲ್ಲಿದ್ದರು. ಬಣ್ಣದ ಡಬ್ಬಿ ಹಿಡಿದ ರಾನಲ್ಡ್. ಏಣಿಯ ಮೇಲೆ ಈಸಾ. ಬುಡ ಹಿಡಿದು ನಿಂತವನು ಎಕ್.

ರಿಂಟೂಲ್ ಅನ್ನುವ ಹೆಸರು ಬಿಳಿ ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿತ್ತು. ಅದರ ಮೇಲೆ ಈಸಾ ಕಪ್ಪಿನಲ್ಲಿ, ನಿಧಾನವಾಗಿ, ಮಕ್ಕಳು ತಿದ್ದುವ ಹಾಗೆ — ಟ್ರಯಲಿಸ್ಟ್.

ಎಕ್ ನನ್ನನ್ನು ನೋಡಿದ. ಏಣಿ ಬಿಡಲಿಲ್ಲ.

"ಹತ್ರ ಬರಬೇಡ ಮಗಾ. ಇನ್ನೂ ಹಸಿ."

ನಾನು ಅಲ್ಲೇ ನಿಂತೆ, ಬಣ್ಣ ಒಣಗುವ ತನಕ.