ಬಟ್ಟೆಯ ಕತ್ತರಿ

ಅಮ್ಮಾ,

ಇವತ್ತು ಅಕ್ಕನಿಗೆ ಬೈದೆ. ನಮ್ಮ ಹೊಲಿಗೆ ಅಂಗಡಿಯಲ್ಲಿ ಅವಳು ನಿನ್ನ ಬಟ್ಟೆ ಕತ್ತರಿ ತೆಗೆದುಕೊಂಡು ರಟ್ಟಿನ ಡಬ್ಬ ಕತ್ತರಿಸುತ್ತಿದ್ದಳು. ಆ ಕತ್ತರಿಗೆ ಕಾಗದ ತಾಗಿಸಿದರೂ ನೀನು ರಂಪ ಮಾಡುತ್ತಿದ್ದೆ.

"ಬುದ್ಧಿ ಇದೆಯಾ ನಿಂಗೆ? ಮೊಂಡಾಗೋಯ್ತಲ್ಲ," ಎಂದು ಕೂಗಿದೆ.

ಅಕ್ಕ ಕತ್ತರಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ಇನ್ನೊಂದ್ಸಲ ಬೈಯೇ," ಅಂದಳು. ಆಮೇಲೆ ಭಾವನಿಗೆ ಫೋನು ಮಾಡಿ, "ರೀ, ಇವಳು ನಂಗೆ ಬೈದ್ಲು ಕಣ್ರೀ," ಎಂದು ಬಹುಮಾನ ಬಂದವಳ ಹಾಗೆ ಹೇಳಿದಳು.

ನಿನಗೆ ಗೊತ್ತಲ್ಲ, ನನ್ನ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಮಾತ್ರೆ ಕಿವಿಯೊಳಗಿನ ದನಿಗಳನ್ನು ಓಡಿಸಿತು. ಹೋಗುವಾಗ ಸಿಟ್ಟು, ನಗು, ಅಳು ಎಲ್ಲವನ್ನೂ ಗುಡಿಸಿಕೊಂಡು ಹೋಯಿತು. ಹೋದ ತಿಂಗಳು ಅಕ್ಕ ಡಾಕ್ಟರ ಮುಂದೆ ಕೂತು, "ದನಿ ಹೋಯ್ತು, ಸರಿ. ಜೊತೆಗೆ ಇವಳೂ ಹೋದಳಲ್ಲ ಡಾಕ್ಟ್ರೇ," ಅಂದಳು. ಅವರು ಮಾತ್ರೆ ಬದಲಿಸಿದರು. ದನಿಗಳು ಮರಳಿಲ್ಲ.

ನೀನು ತೀರಿಕೊಂಡ ದಿನ ನಾನು ಗಿರಾಕಿಯೊಬ್ಬರ ಅಂಗಿಗೆ ಗುಂಡಿ ಹಾಕುತ್ತಾ ಕೂತಿದ್ದೆ. ಎಲ್ಲವೂ ನೆಟ್ಟಗೆ ಬಂದವು. ಬಂದವರು "ಎಂಥ ಕಲ್ಲೆದೆ" ಎಂದು ಆಡಿಕೊಂಡರು. ಅಕ್ಕ ಮಾತ್ರ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟಳು.

ಕತ್ತರಿಯನ್ನು ಸಾಣೆಗೆ ಕೊಟ್ಟಿದ್ದೇನೆ. ಸಿಟ್ಟು ಮೊದಲು ಬಂದಿದೆ, ಅಮ್ಮಾ. ಅದರ ಹಿಂದೆಯೇ ಇನ್ನೇನಾದರೂ ಬಂದೀತೆಂದು ಅಕ್ಕ ಇವತ್ತು ಅಂಗಡಿ ಬೇಗ ಮುಚ್ಚಿಸಿದಳು.

"ಗುಂಡಿ ಹಾಕೋದು ನಾಳೆಗಿರಲಿ," ಅಂದಳು.